ಬೇರ್ ಕ್ಯಾನಿಸ್ಟರ್ ರಿವ್ಯೂ: ಒಂದೇ ಡಬ್ಬ, ಮೂರು ಜನ, ರೆಡ್‌ವುಡ್ ಕಾಡಲ್ಲಿ ಎರಡು ರಾತ್ರಿ

ಬೇರ್ ಕ್ಯಾನಿಸ್ಟರ್ ಅಂದ್ರೆ ಕಾಡಲ್ಲಿ ಉಳಿಯುವಾಗ ಕರಡಿಗೆ ಸಿಗದ ಹಾಗೆ ಊಟ ಹಾಕಿಡುವ ಗಟ್ಟಿ ಡಬ್ಬ. ನಮ್ಮದು ಹನ್ನೊಂದೂವರೆ ಲೀಟರಿಂದು. ಅಡ್ಡಗಲ 22 ಸೆಂಟಿಮೀಟರ್, ಎತ್ತರ 32. ಖಾಲಿ ಇದ್ದಾಗ್ಲೇ ತೂಕ ಒಂದು ಕೆಜಿ ದಾಟಿ ನೂರೈವತ್ತು ಗ್ರಾಂ ಚಿಲ್ಲರೆ. ಪಾರದರ್ಶಕ ಪಾಲಿಕಾರ್ಬೊನೇಟ್, ಕಪ್ಪು ಮುಚ್ಚಳ. ನೂರು ಡಾಲರ್‌ಗೆ ಸ್ವಲ್ಪ ಕಮ್ಮಿ ಕೊಟ್ಟು ತಗೊಂಡದ್ದು. ಕಂಪನಿ ಹೆಸರು ಬರೆಯುದಿಲ್ಲ, ಈ ನಮೂನೆಯದ್ದು ತುಂಬ ಸಿಗ್ತದೆ, ನಾನು ಹೇಳ್ಲಿಕ್ಕಿರುವುದು ಈ ಡಬ್ಬ ಇಟ್ಕೊಂಡು ಟ್ರಿಪ್ ಪ್ಲಾನ್ ಮಾಡುದು ಹೇಗೆ ಅಂತ.

ನಮ್ಮದು ಮಂಗಳೂರು, ಬಿಜೈ. ತಂಗಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುದು. ಜುಲೈಯಲ್ಲಿ ಅಲ್ಲಿಗೆ ಹೋಗುವಾಗ ಆ ರಾಜ್ಯದ ರೆಡ್‌ವುಡ್ ಅನ್ನುವ ಭಾರೀ ಎತ್ತರದ ಮರಗಳ ಕಾಡಲ್ಲಿ ಎರಡು ರಾತ್ರಿ ಟೆಂಟ್ ಹಾಕ್ಬೇಕು ಅಂತ ನನಗೆ ಬಹಳ ವರ್ಷದ ಆಸೆ. ನಾನು, ನಮ್ಮನೆಯವರು, ತಂಗಿಯ ಮಗಳು, ಮೂರು ಜನ. ಇಲ್ಲಿ ಕುದುರೆಮುಖಕ್ಕೆ ಎಷ್ಟೋ ಸಲ ಹತ್ತಿದ್ದೇವೆ, ಮುಳ್ಳೋಡಿಯಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಇಳೀಬೇಕು, ಮೇಲೆ ಟೆಂಟ್ ಹಾಕುವ ಹಾಗಿಲ್ಲ, ಹಾಗಾಗಿ ಕಾಡೊಳಗೆ ಊಟ ಹೊತ್ಕೊಂಡು ಹೋಗಿ ರಾತ್ರಿ ಉಳಿಯುದು ಅಂದ್ರೆ ಎಂತ ಅಂತ ನಮಗೆ ಅನುಭವವೇ ಇಲ್ಲ. ಟೆಂಟ್ ಯಾವ್ದು, ಸ್ಲೀಪಿಂಗ್ ಬ್ಯಾಗ್ ಯಾವ್ದು ಅಂತ ಎರಡು ತಿಂಗಳು ವಿಡಿಯೋ ನೋಡಿದ್ದೇ ನೋಡಿದ್ದು. ಕಡೆಗೆ ಎಷ್ಟು ದಿನ ಇರುದು, ಎಂತ ತಿನ್ನುದು, ಬ್ಯಾಗ್ ಎಷ್ಟು ದೊಡ್ಡದು ಬೇಕು, ಎಲ್ಲ ತೀರ್ಮಾನ ಮಾಡಿದ್ದು ಈ ಡಬ್ಬವೇ.

ನಾವು ಆರಿಸಿದ್ದು ರೆಡ್‌ವುಡ್ ನ್ಯಾಷನಲ್ ಪಾರ್ಕಿನ ರೆಡ್‌ವುಡ್ ಕ್ರೀಕ್ ಟ್ರೇಲ್, ಅಂದ್ರೆ ಆ ಹೆಸರಿನ ಹೊಳೆ ಬದಿಯ ಕಾಲುದಾರಿ. ಓರಿಕ್ ಅನ್ನುವ ಸಣ್ಣ ಊರಿನ ಹತ್ರ ಬಾಲ್ಡ್ ಹಿಲ್ಸ್ ರೋಡಿಂದ ಒಳಗೆ ಹೋಗುದು. ಅಲ್ಲಿಂದ ಟಾಲ್ ಟ್ರೀಸ್ ಗ್ರೋವ್ ಅನ್ನುವ ಮರಗಳ ತೋಪಿಗೆ ಸುಮಾರು 13 ಕಿಲೋಮೀಟರ್. ಆ ಪಾರ್ಕಲ್ಲಿ ಎಲಾಮ್, ಫ್ಲಿಂಟ್ ರಿಡ್ಜ್, ಡಿಮಾರ್ಟಿನ್, ಲಿಟಲ್ ಬಾಲ್ಡ್ ಹಿಲ್ಸ್ ಅಂತ ಗೊತ್ತು ಮಾಡಿದ ಕ್ಯಾಂಪುಗಳೂ ಉಂಟು, ಆದ್ರೆ ಈ ಕ್ರೀಕಲ್ಲಿ ಹೊಳೆ ಬದಿಯ ಕಲ್ಲು ದಿಣ್ಣೆ ಮೇಲೆ ನಮಗೆ ಬೇಕಾದ ಕಡೆ ಟೆಂಟ್ ಹಾಕ್ಬಹುದು, ತೋಪಿಂದ ಒಂದು 400 ಮೀಟರ್ ದೂರ ಇರ್ಬೇಕು ಅಷ್ಟೇ. ಟೇಬಲ್ ಇಲ್ಲ, ಊಟ ಇಡ್ಲಿಕ್ಕೆ ಲಾಕರ್ ಇಲ್ಲ, ಹಾಗಾಗಿ ಕ್ಯಾನಿಸ್ಟರ್ ಕಡ್ಡಾಯ. ಪರ್ಮಿಟ್ ನಾವು ಹೋದಾಗ ಫ್ರೀ, ಪಾರ್ಕಿನ ವೆಬ್‌ಸೈಟಲ್ಲೇ ಅರ್ಜಿ, ಯಾವ ರಾತ್ರಿ ಎಲ್ಲಿ ಉಳೀತೀರಿ ಎಷ್ಟು ಜನ ಅಂತ ಮೊದ್ಲೇ ಹೇಳ್ಬೇಕು. ನಾನದನ್ನು ಬಿಜೈಯಲ್ಲಿ ಕೂತು, ಹೊರಗೆ ಜೋರು ಮಳೆ ಬರ್ತಿರುವಾಗ ಭರ್ತಿ ಮಾಡಿದ್ದು. ನಮಗೆ ಮಳೆಗಾಲ ಅಂದ್ರೆ ಅವರಿಗೆ ಒಣ ಕಾಲ, ಮಳೆ ಅಲ್ಲಿ ಹೆಚ್ಚಾಗಿ ಅಕ್ಟೋಬರಿಂದ ಏಪ್ರಿಲ್‌ವರೆಗೆ. ಬೇಸಿಗೆಯಲ್ಲಿ ಮಾತ್ರ ಹೊಳೆಗೆ ತಾತ್ಕಾಲಿಕ ಕಾಲುಸಂಕ ಹಾಕ್ತಾರೆ, ಮಳೆ ಶುರುವಾಗುವ ಮೊದ್ಲು ತೆಗೀತಾರೆ, ನಮ್ಮ ಕಡೆ ತೋಡಿಗೆ ಅಡಿಕೆ ಮರದ ಸಂಕ ಹಾಕಿದ ಹಾಗೇ. ಸಂಕ ಇಲ್ಲದ ಸಮಯದಲ್ಲಿ ಹೊಳೆ ದಾಟ್ಲಿಕ್ಕೆ ಹೋಗ್ಲೇಬೇಡಿ.

ಇನ್ನು ಡಬ್ಬಕ್ಕೆ ಬರ್ತೇನೆ. ಹನ್ನೊಂದೂವರೆ ಲೀಟರ್ ಅಂದ್ರೆ ಕಣ್ಣಿಗೆ ಎಷ್ಟು ಅಂತ ಅಂದಾಜೇ ಆಗುದಿಲ್ಲ. ಅಮ್ಮನ ಕಾಲದ ಒಂದು ಸ್ಟೀಲ್ ಡಬ್ಬ ಉಂಟು, ಕಾರ್‌ಸ್ಟ್ರೀಟಿನ ಪಾತ್ರೆ ಅಂಗಡಿಯಿಂದ ತಂದದ್ದು, ಕುಚ್ಚಲಕ್ಕಿ ಹಾಕಿಡ್ತಿದ್ದದ್ದು. ಅದಕ್ಕೆ ಲೀಟರ್ ಚೊಂಬಲ್ಲಿ ನೀರು ಅಳೆದು ಹೊಯ್ದೆ, ಹನ್ನೊಂದು ಲೀಟರಿಗೆ ಕಂಠದವರೆಗೆ ಬಂತು. ಸರಿ, ಇದೇ ನಮ್ಮ ಟ್ರಯಲ್ ಡಬ್ಬ ಅಂತ ಒರೆಸಿ ಒಣಗಿಸಿ ಊಟದ ಟೇಬಲ್ ಮೇಲಿಟ್ಟೆ, ಒಂದು ವಾರ ಅಲ್ಲೇ ಇತ್ತು. ದಿನಾ ರಾತ್ರಿ ಊಟ ಆದ ಮೇಲೆ ಸಾಮಾನು ತುಂಬುದು ತೆಗೆಯುದು ತುಂಬುದು ತೆಗೆಯುದು.

ಆಗ ಗೊತ್ತಾದದ್ದು, ಇಲ್ಲಿ ತೂಕಕ್ಕಿಂತ ಜಾಗದ್ದೇ ಸಮಸ್ಯೆ ಅಂತ. ಚುರುಮುರಿ, ಚಕ್ಕುಲಿ, ಹಪ್ಪಳ ಎಲ್ಲ ಗಾಳಿ, ಒಂದು ಹಿಡಿಗೇ ಅರ್ಧ ಡಬ್ಬ ಹೋಯ್ತು. ತೆಳು ಅವಲಕ್ಕಿಯೂ ಹಾಗೇ, ಗಟ್ಟಿ ಅವಲಕ್ಕಿ ಒಳ್ಳೇದು. ರವೆ ಹುರಿದು ಒಗ್ಗರಣೆ ಹಾಕಿ ಉಪ್ಪು ಸಮೇತ ಜಿಪ್ ಕವರಿಗೆ ಹಾಕಿದ್ರೆ ಕಲ್ಲಿನ ಹಾಗೆ ಚಪ್ಪಟೆ ಕೂರ್ತದೆ, ಬಿಸಿ ನೀರು ಹೊಯ್ದು ಮುಚ್ಚಿಟ್ರೆ ಸಜ್ಜಿಗೆ ತಯಾರು. ಸಜ್ಜಿಗೆ ಅವಲಕ್ಕಿ ಬೆಳಿಗ್ಗೆಗೆ ಆಯ್ತು. ರಾತ್ರಿಗೆ ಎಂತ ಅಂತ ತಲೆ ಕೆಡಿಸ್ಕೊಂಡಿರುವಾಗ ಕೋರಿ ರೊಟ್ಟಿ ಐಡಿಯಾ ಕೊಟ್ಟದ್ದು ನಮ್ಮನೆಯವರು. ರೊಟ್ಟಿ ಇಡೀ ಇಟ್ರೆ ಡಬ್ಬದೊಳಗೆ ಹೋಗುದೇ ಇಲ್ಲ, ಕೈಯಲ್ಲಿ ಹುಡಿ ಮಾಡಿ ಒತ್ತಿ ತುಂಬಿದ್ರೆ ಮೂರು ಜನಕ್ಕೆ ಒಂದು ರಾತ್ರಿಗಾಗುವಷ್ಟು ಒಂದು ಮುಷ್ಟಿ ಗಾತ್ರದ ಎರಡು ಕವರಲ್ಲಿ ಮುಗೀತದೆ. ಮೇಲಿಂದ ಬಿಸಿ ಸಾರು, ಅಂದ್ರೆ ಸಾರಿನ ಹುಡಿ ಮತ್ತೆ ತೆಂಗಿನ ಹಾಲಿನ ಹುಡಿ ಕುದಿಸಿದ್ದು, ಹೊಯ್ದ್ರೆ ಎರಡೇ ನಿಮಿಷ, ಗ್ಯಾಸ್ ಉಳೀತದೆ. ಕೋಳಿ ಇಲ್ಲ ಅಂತ ಅವ್ರಿಗೆ ಬೇಸರ ಇತ್ತು, ಆದ್ರೆ ಆ ಚಳಿಗೆ ಆ ರುಚಿ, ಮಾರಾಯ್ರೆ, ಈಗ್ಲೂ ನೆನಪಾಗ್ತದೆ. ಸಿಹಿಗೆ ಮಾಂಬಳ ಮತ್ತೆ ಕಡ್ಲೆ ಚಿಕ್ಕಿ, ಎರಡೂ ಚಪ್ಪಟೆ, ಡಬ್ಬದ ಗೋಡೆಗೆ ಬಗ್ಗಿಸಿ ತಾಗಿಸಿಡ್ಬಹುದು. ಇಲ್ಲಿಂದ ತಿಂಡಿ ತಗೊಂಡು ಹೋಗುವವರು ಅಲ್ಲಿ ಏರ್‌ಪೋರ್ಟಲ್ಲಿ ಎಲ್ಲ ಡಿಕ್ಲೇರ್ ಮಾಡಿ, ಮುಚ್ಚಿಡ್ಬೇಡಿ. ಸ್ಟವ್‌ನ ಗ್ಯಾಸ್ ಕ್ಯಾನ್ ವಿಮಾನದಲ್ಲಿ ಬಿಡುದಿಲ್ಲ, ಅಲ್ಲೇ ತಗೊಳ್ಬೇಕು.

ಹೊಸಬರು ತಪ್ಪುದು ಒಂದು ಕಡೆ. ಊಟ ಮಾತ್ರ ಅಲ್ಲ, ವಾಸನೆ ಬರುವ ಎಲ್ಲವೂ ರಾತ್ರಿ ಡಬ್ಬದೊಳಗೆ ಹೋಗ್ಬೇಕು. ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ಮಂಡಿನೋವಿನ ಬಾಮ್, ತಿಂದ ಕವರಿನ ಕಸ, ನನ್ನ ತಲೆಗೆ ಹಚ್ಚುವ ತೆಂಗಿನೆಣ್ಣೆಯ ಸಣ್ಣ ಬಾಟ್ಲಿ ಕೂಡ. ಇದಕ್ಕೆ ಜಾಗ ಬಿಡದೆ ಊಟ ತುಂಬಿದ್ರೆ ರಾತ್ರಿ ಫಜೀತಿ. ನಾನು ಮೇಲಿನ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟಿದ್ದೆ, ಅದು ಸಾಕಾಯ್ತು. ಮೊದಲ ದಿನದ ಮಧ್ಯಾಹ್ನದ್ದು ರಾತ್ರಿದ್ದು ಹೊರಗೇ ಇಡ್ಬಹುದು, ಮಲಗುವ ಮೊದ್ಲು ಹೊಟ್ಟೆಗೆ ಹೋಗಿರ್ತದಲ್ಲ. ಕಡೇ ದಿನದ್ದು ಡಬ್ಬದ ತಳಕ್ಕೆ, ನಾಳೆದು ಮೇಲೆ.

ಕ್ಯಾನಿಸ್ಟರ್ ಬಾಡಿಗೆಗೆ ಸಿಗ್ತದೆ, ನಾವೂ ಮೊದ್ಲು ಬಾಡಿಗೆಗೇ ಅಂತ ಇದ್ದದ್ದು. ಒಂದು ಅಂಗಡಿಯವರು ಕೊಟ್ಟದ್ದನ್ನು ಮನೆಗೆ ತಂದು ಬೆಳಕಿಗೆ ಹಿಡಿದು ನೋಡಿದ್ರೆ ಬಾಯಿ ಹತ್ರ ಕೂದಲೆಳೆಯಷ್ಟು ಸೀಳು, ಮುಚ್ಚಳ ತಿರುಗಿಸಿದ್ರೆ ಅದು ಅಗಲ ಆಗ್ತಿತ್ತು. ವಾಪಸ್ ಕೊಟ್ಟು ಹೊಸತೇ ತಗೊಂಡೆವು. ಬಾಡಿಗೆಗೆ ತಗೊಳ್ಳುವವರು ಅಂಗಡಿಯಲ್ಲೇ ಮುಚ್ಚಳ ಹಾಕಿ ತೆಗೆದು ನೋಡಿ. ಮತ್ತೆ ಐಜಿಬಿಸಿ, ಅಂದ್ರೆ ಅಮೆರಿಕದ ಗ್ರಿಜ್ಲಿ ಕರಡಿ ಸಮಿತಿಯ ಸರ್ಟಿಫಿಕೇಟ್ ಉಂಟಾ ಕೇಳಿ. ಮೊಂಟಾನಾದಲ್ಲಿ ಸಾಕಿದ ಗ್ರಿಜ್ಲಿ ಕರಡಿಗಳ ಎದುರು ಒಳಗೆ ತಿಂಡಿ ಹಾಕಿದ ಡಬ್ಬ ಇಡ್ತಾರೆ, ಕರಡಿ ಕಚ್ಚಿ ಪರಚಿ ಮೇಲೆ ಹಾರಿ ಒಟ್ಟು 60 ನಿಮಿಷ ಗುದ್ದಾಡಿದ ಮೇಲೂ ಒಡೀಲಿಲ್ಲ ಅಂದ್ರೆ ಪಾಸು. ರೆಡ್‌ವುಡ್ ಕಾಡಲ್ಲಿ ಗ್ರಿಜ್ಲಿ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಅದು ನೂರು ವರ್ಷದ ಹಿಂದೆಯೇ ಮುಗಿದು ಹೋಗಿದೆ, ಈಗ ಇರುದು ಬ್ಲಾಕ್ ಬೇರ್ ಮಾತ್ರ. ನಮ್ಮ ದರೋಜಿಯ ಕರಡಿ ಬೇರೆ ಜಾತಿ, ಅದು ಗೆದ್ದಲು ತಿನ್ನುವಂಥದ್ದು, ಮನುಷ್ಯರ ಮೇಲೆ ಬೀಳುದು ಜಾಸ್ತಿ. ಬ್ಲಾಕ್ ಬೇರ್‌ಗೆ ಬೇಕಾದ್ದು ನಮ್ಮ ಊಟ. ಒಮ್ಮೆ ಮನುಷ್ಯರ ಊಟದ ರುಚಿ ಹತ್ತಿತು ಅಂದ್ರೆ ಅದು ಪುನಃ ಪುನಃ ಕ್ಯಾಂಪಿಗೆ ಬರ್ತದೆ, ಧೈರ್ಯ ಜಾಸ್ತಿ ಆಗ್ತದೆ, ಕಡೆಗೆ ಆ ಕರಡಿಯನ್ನೇ ಕೊಲ್ಲಬೇಕಾಗ್ತದೆ. ನಮ್ಮ ಒಂದು ಪ್ಯಾಕೆಟ್ ಚಿಕ್ಕಿಯಿಂದ ಒಂದು ಕರಡಿ ಸಾಯ್ಬಾರ್ದಲ್ಲ, ಅದಕ್ಕೇ ಆ ಒಂದು ಕೆಜಿ ಹೆಚ್ಚು ಭಾರ ಹೊರುದು ನನಗೆ ಒಂದು ಚೂರೂ ಬೇಜಾರಾಗ್ಲಿಲ್ಲ.

ಹೊರುದು ಅಂದಾಗ ನೆನಪಾಯ್ತು. ಡಬ್ಬ ಗಟ್ಟಿ, ಬಗ್ಗುದಿಲ್ಲ, 40 ಲೀಟರ್ ಬ್ಯಾಗಲ್ಲಿ ಅದನ್ನು ಹಾಕಿದ್ರೆ ಬೇರೆ ಎಂತಕ್ಕೂ ಜಾಗ ಇಲ್ಲ. 60 ಲೀಟರಿನದ್ದು ಬೇಕು. ಕೆಳಗೆ ಸ್ಲೀಪಿಂಗ್ ಬ್ಯಾಗ್, ಅದರ ಮೇಲೆ ಬೆನ್ನಿಗೆ ತಾಗಿಸಿ ನೆಟ್ಟಗೆ ಡಬ್ಬ, ಸುತ್ತ ಬಟ್ಟೆ ತುರುಕುದು, ಇಲ್ಲದಿದ್ರೆ ಬೆನ್ನೆಲುಬಿಗೆ ಅಂಚು ಒತ್ತುತ್ತದೆ. ಇದನ್ನು ನಾವು ಇಲ್ಲೇ ಏಪ್ರಿಲಲ್ಲಿ ಗಡಾಯಿಕಲ್ಲಲ್ಲಿ ಪ್ರಾಕ್ಟೀಸ್ ಮಾಡಿದ್ದು, ಆ ಸ್ಟೀಲ್ ಡಬ್ಬಕ್ಕೆ ಅಕ್ಕಿ ತುಂಬಿ ಬ್ಯಾಗಲ್ಲಿಟ್ಟು ಸುಮಾರು 1800 ಮೆಟ್ಟಿಲು. ಅರ್ಧಕ್ಕೆ ಹೋಗುವಾಗ್ಲೇ ನನಗೆ ಗೊತ್ತಾಯ್ತು ಡಬ್ಬ ಮೇಲೆ ಇಟ್ರೆ ಬ್ಯಾಗ್ ಹಿಂದಕ್ಕೆ ಎಳೀತದೆ ಅಂತ.

ಕಾಡಿನ ಬಗ್ಗೆ ಬರೀಲಿಕ್ಕೆ ಹೊರಟ್ರೆ ಮುಗಿಯುದಿಲ್ಲ, ಆದ್ರೂ ಸ್ವಲ್ಪ ಹೇಳ್ತೇನೆ. ಬೆಳಿಗ್ಗೆ ಹತ್ತು ಗಂಟೆಯವರೆಗೂ ಮಂಜು, ಮರದ ತುದಿ ಕಾಣುದೇ ಇಲ್ಲ, ಮಳೆ ಇಲ್ಲ ಆದ್ರೂ ಟೆಂಟ್ ಮೇಲೆ ಟಪ್ ಟಪ್ ನೀರು ಬೀಳ್ತದೆ. ಎಲೆಗಳು ಮಂಜನ್ನು ಹಿಡಿದು ಕೆಳಗೆ ಹನಿಸುದಂತೆ, ಮಳೆ ಇಲ್ಲದ ತಿಂಗಳಲ್ಲಿ ಮರಕ್ಕೆ ಅದೇ ನೀರು. ತೊಗಟೆ ಮುಟ್ಟಿದ್ರೆ ತೆಂಗಿನ ಸಿಪ್ಪೆಯ ನಾರಿನ ಹಾಗೆ, ಒಂದು ಅಡಿವರೆಗೂ ದಪ್ಪ ಇರ್ತದೆ, ಬೆಂಕಿ ತಡೀತದೆ. ಅಷ್ಟು ದೊಡ್ಡ ಮರದ ಕಾಯಿ ಬೆಟ್ಟದ ನೆಲ್ಲಿಕಾಯಿಯಷ್ಟು. ಬೇರು ಆಳಕ್ಕೆ ಹೋಗುದಿಲ್ಲ, ಅಗಲಕ್ಕೆ ಹರಡಿ ಪಕ್ಕದ ಮರದ ಬೇರಿಗೆ ಹೆಣೆದುಕೊಳ್ತದೆ. 1963ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನವರು ಅಳೆದು ಜಗತ್ತಿನಲ್ಲೇ ಎತ್ತರದ್ದು ಅಂತ ಹೇಳಿದ ಮರ ಟಾಲ್ ಟ್ರೀಸ್ ಗ್ರೋವಲ್ಲೇ ಇದ್ದದ್ದು, ಐದು ವರ್ಷದಲ್ಲಿ, 1968ಕ್ಕೆ, ಪಾರ್ಕ್ ಆಯ್ತು. ಆದ್ರೆ ಹೊಳೆಯ ಮೇಲ್ಭಾಗದ ಗುಡ್ಡಗಳಲ್ಲಿ ಮರ ಕಡಿಯುದು ನಿಲ್ಲಲಿಲ್ಲ, ಮಣ್ಣು ಕಲ್ಲು ಜಾರಿ ಬಂದು ಹೊಳೆ ಹೂಳು ತುಂಬಿ ಕೆಳಗಿನ ತೋಪಿಗೇ ಅಪಾಯ ಬಂತು, ಹಾಗಾಗಿ 1978ರಲ್ಲಿ ಮೇಲಿನ ಜಾಗವನ್ನೂ ಸೇರಿಸಿದ್ರು. ಮಳೆಗಾಲದಲ್ಲಿ ನೇತ್ರಾವತಿ ಕೆಂಪಾಗಿ ಹರಿಯುದು ನೋಡಿದವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ. ಹೈಪೀರಿಯನ್ ಅಂತ ಈಗಿನ ಅತಿ ಎತ್ತರದ ಮರ, ಸುಮಾರು 116 ಮೀಟರ್, ಅದೂ ಇದೇ ಪಾರ್ಕಲ್ಲಿ ಉಂಟು, ದಯವಿಟ್ಟು ಹುಡುಕ್ಕೊಂಡು ಹೋಗ್ಬೇಡಿ, ಜನ ತುಳಿದು ತುಳಿದು ಬುಡ ಹಾಳಾಗಿ ಆ ಜಾಗವನ್ನೇ ಮುಚ್ಚಿದ್ದಾರೆ, ಹೋದ್ರೆ 5000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

ರಾತ್ರಿ ಡಬ್ಬವನ್ನು ಟೆಂಟಿಂದ ಮೂವತ್ತು ಮೀಟರ್ ದೂರ ಇಡ್ಬೇಕು, ಸಮತಟ್ಟು ಜಾಗದಲ್ಲಿ, ಇಳಿಜಾರಲ್ಲಿ ಅಥ್ವಾ ನೀರ ಹತ್ರ ಇಟ್ರೆ ಪ್ರಾಣಿ ಉರುಳಿಸಿ ಹೊಳೆಗೆ ಹಾಕ್ತದೆ. ಹಗ್ಗ ಕಟ್ಟಬಾರ್ದು, ಹಿಡ್ಕೊಂಡು ಎಳ್ಕೊಂಡು ಹೋಗ್ಲಿಕ್ಕೆ ಸುಲಭ ಆಗ್ತದೆ. ಎರಡನೇ ದಿನ ಬೆಳಿಗ್ಗೆ ಹುಡುಗಿ ಹೋಗಿ ನೋಡಿ ಅಲ್ಲಿಂದ್ಲೇ ಕೂಗಿದ್ಳು, “ದೊಡ್ಡಮ್ಮಾ, ಡಬ್ಬ ಮಲಗಿದೆ, ಬೇಗ ಬನ್ನಿ!” ಹೋಗಿ ನೋಡಿದ್ರೆ ಎರಡು ಮಾರು ಆಚೆ ಅಡ್ಡ ಬಿದ್ದಿದೆ, ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಸಣ್ಣ ಮಗುವಿನ ಕೈ ಹಾಗೆ ಐದು ಬೆರಳಿನ ಕೆಸರಿನ ಗುರುತು, ಒಂದಲ್ಲ ಏಳೆಂಟು, ಮುಚ್ಚಳದ ಸುತ್ತ ಪೂರ್ತಿ. ಕರಡಿಯದ್ದಲ್ಲ, ರಕೂನ್ ಅನ್ನುವ ಸಣ್ಣ ಕಾಡುಪ್ರಾಣಿ ಇರ್ಬೇಕು ಅಂತ ಹುಡುಗಿ ಹೇಳಿದ್ಳು. ಒಳಗೆ ಕೋರಿ ರೊಟ್ಟಿಯ ಹುಡಿ ಹಾಗೇ ಇತ್ತು. ನನಗೆ ಎದೆ ತುಂಬಿ ಬಂತು, ಆ ಕೈ ಗುರುತು ಒರೆಸ್ಲಿಕ್ಕೂ ಮನಸ್ಸಾಗ್ಲಿಲ್ಲ.

ದೂರು ಒಂದೇ, ಆದ್ರೆ ಸಣ್ಣದಲ್ಲ. ಮುಚ್ಚಳ. ಒಂದು ಉಬ್ಬನ್ನು ಒಳಗೆ ಒತ್ತಿ ಹಿಡ್ಕೊಂಡೇ ತಿರುಗಿಸ್ಬೇಕು, ಮನೆಯಲ್ಲಿ ಆರಾಮವಾಗಿ ಬರ್ತದೆ, ಅಲ್ಲಿ ಬೆಳಿಗ್ಗೆ ಚಳಿಗೆ ಪ್ಲಾಸ್ಟಿಕ್ ಬಿಗಿಯಾಗಿ, ಬೆರಳು ಮರಗಟ್ಟಿ, ಮೂರೂ ಜನ ಸರದಿಯಲ್ಲಿ ಪ್ರಯತ್ನ ಮಾಡಿದ್ರೂ ಹತ್ತು ನಿಮಿಷ ಬರ್ಲೇ ಇಲ್ಲ, ಚಾಕ್ಕೆ ನೀರು ಕುದ್ದು ಆರ್ತಾ ಉಂಟು, ಚಾ ಹುಡಿ ಒಳಗೆ. ಕಡೆಗೆ ಎಟಿಎಂ ಕಾರ್ಡನ್ನು ಉಬ್ಬಿನ ಸಂದಿಗೆ ತೂರಿಸಿ ಜಾರಿಸಿದ್ರೆ ಸಲೀಸಾಗಿ ಬಂತು. ಕೈಗಂಟು ನೋವಿರುವವರು, ವಯಸ್ಸಾದವರು ಅಂಗಡಿಯಲ್ಲೇ ತೆಗೆದು ನೋಡದೆ ಈ ನಮೂನೆ ಮುಚ್ಚಳದ್ದು ತಗೊಳ್ಳಬೇಡಿ, ನಾಣ್ಯ ಹಾಕಿ ಸ್ಕ್ರೂ ತಿರುಗಿಸುವ ನಮೂನೆಯದ್ದೂ ಬರ್ತದೆ. ಇನ್ನೊಂದು, ಇದು ಗಾಳಿ ನೀರು ಪೂರ್ತಿ ತಡೆಯುವ ಡಬ್ಬ ಅಲ್ಲ, ಒಳಗಿಂದು ಎಲ್ಲ ಜಿಪ್ ಕವರಲ್ಲೇ ಇರ್ಲಿ. ಅದೊಂದು ಬಿಟ್ರೆ ಒಳ್ಳೆ ಸಾಮಾನು, ಐದಕ್ಕೆ ನಾಲ್ಕೂವರೆ ಕೊಡ್ತೇನೆ. ಸಂಜೆ ಹೊಳೆ ಬದಿಯಲ್ಲಿ ಕೂರ್ಲಿಕ್ಕೆ ಮಣೆಯ ಹಾಗೂ ಆಗ್ತದೆ.

ಈಗ ಅದು ಬಿಜೈಯಲ್ಲಿ ನಮ್ಮ ಅಟ್ಟದ ಮೇಲೆ ಉಂಟು. ಮಂಗಳೂರು ಉಡುಪಿ ಕಡೆಯವರು ಯಾರಾದ್ರೂ ಆ ಕಡೆ ಕಾಡಿಗೆ ಹೋಗುವವರಿದ್ರೆ ಕೇಳಿ, ಕೊಡ್ತೇನೆ, ಬಾಡಿಗೆ ಎಂತ ಬೇಡ, ವಾಪಸ್ ತಂದು ಕೊಟ್ರೆ ಸಾಕು. ಹೋಗುವ ವಾರ ಮೊದ್ಲೇ ಬಂದು ತಗೊಂಡು ಹೋಗಿ, ಊಟದ ಟೇಬಲ್ ಮೇಲಿಟ್ಟು ಎರಡು ಮೂರು ಸಲ ತುಂಬಿ ನೋಡ್ಬೇಕಲ್ಲ. ಮುಚ್ಚಳ ತೆಗೀಲಿಕ್ಕೆ ಒಂದು ಹಳೇ ಎಟಿಎಂ ಕಾರ್ಡ್ ಡಬ್ಬದ ಹೊರಗೆ ಟೇಪ್ ಹಾಕಿ ಅಂಟಿಸಿಟ್ಟಿದ್ದೇನೆ.