ಎರಡು 3060 ಒಳ್ಳೆಯದಾ, ಒಂದು 3090 ಸಾಕಾ? ಹುಬ್ಬಳ್ಳಿಯ ಮನೆಯಲ್ಲಿ ಮೂರು ಥರ ಜೋಡಿಸಿ ನೋಡಿದ್ದು

ಕಾಗದದ ಮೇಲೆ ಎರಡೂ ಒಂದೇ. ಹನ್ನೆರಡು ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಎರಡು ಹಾಕಿದರೆ 24 ಜಿಬಿ, 340 ವ್ಯಾಟ್. 3090 ಒಂದೇ ಹಾಕಿದರೆ 24 ಜಿಬಿ, 350 ವ್ಯಾಟ್. 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನ ರೆಂಡರಿಂಗ್‌ನಲ್ಲಿ, ಅಂದರೆ 3ಡಿ ವಿನ್ಯಾಸದಿಂದ ಚಿತ್ರ ಲೆಕ್ಕಹಾಕಿ ತೆಗೆಯೋದರಲ್ಲಿ, ಒಂದು 3090ರ ವೇಗ ಹೆಚ್ಚುಕಡಿಮೆ ಎರಡು 3060ರಷ್ಟು. ಹಾಗಾದರೆ ಕೈಗೆ ಸಿಕ್ಕಿದ್ದು ತಗೊಂಡರಾಯ್ತು ಅಲ್ವಾ? ಇಲ್ಲ. ಮನೆಗೆ ತಂದು ಜೋಡಿಸಿ ಕೆಲಸಕ್ಕೆ ಹಚ್ಚಿದ ಮೇಲೆ ಇವೆರಡೂ ಬೇರೆ ಬೇರೆ ಜಾತಿಯ ಮಷೀನು ಅಂತ ಗೊತ್ತಾಗುತ್ತದೆ.

ನನ್ನ ಕೆಲಸ ಬಿಲ್ಡರ್‌ಗಳಿಗೆ ಎಲಿವೇಶನ್ (ಕಟ್ಟಡದ ಹೊರನೋಟದ ಚಿತ್ರ), ವಾಕ್‌ಥ್ರೂ (ಓಡಾಡಿ ನೋಡಿದಂತೆ ತೋರಿಸೋ ವಿಡಿಯೋ) ಮಾಡಿಕೊಡೋದು. ಗೋಕುಲ ರೋಡ್, ನವನಗರ, ಧಾರವಾಡದ ಕಡೆಯ ಹೊಸ ಲೇಔಟ್‌ಗಳು, ಇಂಥವೇ. ಎಲ್ಲಾ ಬ್ಲೆಂಡರ್‌ನಲ್ಲಿ, ಅದರದೇ ರೆಂಡರ್ ಎಂಜಿನ್ ಸೈಕಲ್ಸ್ ಮೇಲೆ. ಈಚೆಗೆ ಚಾಟ್‌ಜಿಪಿಟಿ ಥರದ ಭಾಷಾ ಮಾದರಿಗಳನ್ನೂ ಮನೆಯಲ್ಲೇ ಓಡಿಸೋಕೆ ಶುರು ಮಾಡಿದ್ದೇನೆ, ಯಾಕಂದ್ರೆ ಕೆಲವು ಗಿರಾಕಿಗಳು ತಮ್ಮ ಕಾಗದಪತ್ರ ಹೊರಗಿನ ಸರ್ವರ್‌ಗೆ ಹೋಗಬಾರದು ಅಂತಾರೆ. ಈ ಎರಡು ಕೆಲಸಕ್ಕೆ ನಾನು ಮೂರು ಜೋಡಣೆ ನೋಡಿದೆ: ಒಂದೇ ಕ್ಯಾಬಿನೆಟ್‌ನಲ್ಲಿ ಎರಡು 3060, ಸೆಕೆಂಡ್ ಹ್ಯಾಂಡ್ 3090 ಒಂದೇ, ಮತ್ತೆ ಆ ಎರಡು 3060ಗಳನ್ನೇ ಬಿಡಿಸಿ ಎರಡು ಬೇರೆ ಕಂಪ್ಯೂಟರ್‌ಗೆ ಹಾಕಿದ್ದು. ಮೂರನೆಯದನ್ನು ಯಾರೂ ಜಾಸ್ತಿ ಹೇಳಲ್ಲ. ನನಗೆ ಅದೇ ಹೆಚ್ಚು ಹಿಡಿಸಿತು, ಅದನ್ನು ಆಮೇಲೆ ಹೇಳ್ತೇನೆ.

ಮೊದಲು ರೆಂಡರಿಂಗ್. ಬ್ಲೆಂಡರ್‌ನ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಮ್‌ಗೆ ಹೋಗಿ ಆಪ್ಟಿಕ್ಸ್ (ಎನ್‌ವಿಡಿಯಾ ಕಾರ್ಡಿನಲ್ಲಿ ರೆಂಡರ್ ಮಾಡೋ ವಿಧಾನ) ಆರಿಸಿ ಎರಡೂ ಕಾರ್ಡಿಗೆ ಟಿಕ್ ಹಾಕಿದರೆ ಮುಗೀತು. ಎರಡು ಕಾರ್ಡ್ ಜೋಡಿಸೋ ಎಸ್‌ಎಲ್‌ಐ ಬ್ರಿಡ್ಜ್ ಬೇಡ, ಬೇರೆ ಸೆಟ್ಟಿಂಗ್ ಬೇಡ. ಸೈಕಲ್ಸ್ ಒಂದೇ ಫ್ರೇಮನ್ನು ಎರಡಕ್ಕೂ ಹಂಚುತ್ತದೆ, ಮೊದಲು ಮುಗಿಸಿದ ಕಾರ್ಡಿಗೆ ಜಾಸ್ತಿ ಪಾಲು ಕೊಡುತ್ತದೆ. ಸಾಧಾರಣ ಮನೆಯ ಎಲಿವೇಶನ್‌ಗೆ ಸಮಯ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಪೂರ್ತಿ ಅರ್ಧ ಆಗಲ್ಲ, ಯಾಕಂದ್ರೆ ಪ್ರತಿ ಫ್ರೇಮಿಗೂ ಸೀನ್ ಕಟ್ಟೋದು, ಕಳಿಸೋದು ಅಂತ ಸ್ವಲ್ಪ ಹೊತ್ತು ಹೋಗುತ್ತದೆ, ಅದಕ್ಕೆ ಕಾರ್ಡ್ ಎಷ್ಟಿದ್ದರೂ ಅಷ್ಟೇ. ಫ್ರೇಮ್ ಚಿಕ್ಕದಿದ್ದಷ್ಟು ಈ ನಷ್ಟ ಜಾಸ್ತಿ ಕಾಣುತ್ತದೆ.

ತೊಂದರೆ ಬರೋದು ಮೆಮೊರಿಯಲ್ಲಿ. ಎರಡು 12 ಕೂಡಿ 24 ಆಗಲ್ಲ. ಸೀನ್ ಪೂರ್ತಿಯಾಗಿ ಎರಡೂ ಕಾರ್ಡಿನಲ್ಲಿ ಕೂರಬೇಕು, ಪ್ರತಿಯೊಂದಕ್ಕೂ ತನ್ನದೇ ಪ್ರತಿ. ಒಲೆಯ ಮೇಲೆ ಎರಡು ಹಂಚು ಇಟ್ಟರೆ ರೊಟ್ಟಿ ಎರಡು ಪಟ್ಟು ಬೇಗ ಬರುತ್ತವೆ, ಆದರೆ ಒಂದು ಹಂಚಿಗಿಂತ ದೊಡ್ಡ ರೊಟ್ಟಿ ಬೇಯಿಸೋಕೆ ಬರಲ್ಲ. ಅದರಲ್ಲೂ ಮಾನಿಟರ್ ಸಿಕ್ಕಿಸಿದ ಕಾರ್ಡಿನಲ್ಲಿ ವಿಂಡೋಸ್, ಬ್ರೌಸರ್, ಬ್ಲೆಂಡರ್‌ನ ವ್ಯೂಪೋರ್ಟ್ ಅಂತ ಸ್ವಲ್ಪ ಮೊದಲೇ ತಿಂದುಹೋಗಿರುತ್ತದೆ. 3090ಕ್ಕೆ ಎನ್‌ವಿಲಿಂಕ್ ಇದೆ (ಎರಡು ಕಾರ್ಡಿನ ನಡುವಿನ ವೇಗದ ಕೊಂಡಿ), ಅಂಥ ಎರಡು ಹಾಕಿದವರು ಮೆಮೊರಿ ಹಂಚಿಕೊಳ್ಳಬಹುದು. 3060ಕ್ಕೆ ಆ ಕಿಂಡಿಯೇ ಇಲ್ಲ. 40ರ ಸರಣಿಯಲ್ಲಿ 4090ಕ್ಕೂ ತೆಗೆದುಹಾಕಿದರು.

ಒಂದು ಮನೆ, ಒಂದು ಕಾಂಪೌಂಡ್, ನಾಲ್ಕು ಗಿಡ ಇರೋ ಸೀನಿಗೆ 12 ಜಿಬಿ ಧಾರಾಳ. ಲೇಔಟ್ ಪೂರ್ತಿ ತೋರಿಸಬೇಕು ಅಂದಾಗ ನೋಡಿ ಮಜಾ. ಹುಲ್ಲು, ಬೇವಿನ ಮರ, ಗುಲ್‌ಮೊಹರ್, ಪ್ರತಿ ಎಲೆಗೆ ಟೆಕ್ಸ್ಚರ್, ಅದೂ ನಾಲ್ಕು ಕೆ. ಅಂಥ ಸೀನ್ 12 ದಾಟಿದ ಕೂಡಲೇ ಸೈಕಲ್ಸ್ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮಿನಲ್ಲಿ ಇಟ್ಟು ಅಲ್ಲಿಂದ ಓದುತ್ತದೆ. ಓಡುತ್ತದೆ, ಆದರೆ ಎಳೆಯುತ್ತದೆ. ರ‍್ಯಾಮೂ ಸಾಲದಿದ್ದರೆ ಔಟ್ ಆಫ್ ಮೆಮೊರಿ ಅಂತ ಬರೆದು ಕೂರುತ್ತದೆ. ಅದೇ ಫೈಲನ್ನು 3090ರಲ್ಲಿ ತೆರೆದರೆ ಏನೂ ಆಗದವರ ಥರ ರೆಂಡರ್ ಶುರು. ಟೆಕ್ಸ್ಚರ್ ಅರ್ಧಕ್ಕೆ ಇಳಿಸಿ, ಗಿಡಗಳನ್ನು ಇನ್‌ಸ್ಟೆನ್ಸ್ ಮಾಡಿ (ಒಂದೇ ಗಿಡದ ಮಾಹಿತಿಯನ್ನು ಎಲ್ಲಾ ಕಡೆ ಮರುಬಳಸಿ) 12ರೊಳಗೆ ತರಬಹುದು, ತರುತ್ತಲೂ ಇದ್ದೆ. ಆದರೆ ಗಿರಾಕಿ "ಸರ, ನಾಳೆ ಮುಂಜಾನೆ ಬೇಕ್ರೀ" ಅಂದಾಗ ಟೆಕ್ಸ್ಚರ್ ಇಳಿಸುತ್ತಾ ಕೂರೋ ಸಮಯಕ್ಕೂ ಬೆಲೆ ಇದೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ಮಾತು ಬೋರ್ಡಿನದ್ದು. ಎರಡನೇ ಕಾರ್ಡ್ ತಗೊಳ್ಳೋ ಮೊದಲು ನೋಡಬೇಕಾದ್ದು ಕಾರ್ಡ್ ಅಲ್ಲ, ಮದರ್‌ಬೋರ್ಡ್. ನನ್ನದು ಎಎಂಡಿಯ ಬಿ550 ಚಿಪ್‌ಸೆಟ್‌ನದು. ಮೇಲಿನ ಉದ್ದ ಸ್ಲಾಟ್ ಪ್ರೊಸೆಸರ್‌ಗೆ ನೇರ, 16 ಲೇನ್ (ಡೇಟಾ ಹಾಯೋ ದಾರಿ), ಪಿಸಿಐಇ 4.0. ಕೆಳಗಿನದೂ ಅಷ್ಟೇ ಉದ್ದ ಇದೆ, ಆದರೆ ಒಳಗೆ ನಾಲ್ಕೇ ಲೇನ್, ಅದೂ 3.0, ಅದೂ ಚಿಪ್‌ಸೆಟ್ ಮೂಲಕ. ಅಂದರೆ ಸೆಕೆಂಡಿಗೆ 4 ಜಿಬಿಗಿಂತ ಒಂಚೂರು ಕಡಿಮೆ. ಬಹುಪಾಲು ಬಿ550 ಬೋರ್ಡುಗಳ ಹಣೆಬರಹ ಇಷ್ಟೇ, 16 ಲೇನನ್ನು ಎಂಟು ಎಂಟಾಗಿ ಒಡೆಯೋವು ಕೆಲವೇ ಇವೆ ಮತ್ತು ದುಬಾರಿ. ಹಳೆಯ ಬಿ450 ಆದರೆ ಕೆಳಗಿನದು ಸಾಮಾನ್ಯವಾಗಿ 2.0, ಅಂದರೆ ಅದರ ಅರ್ಧ. ಅಂಗಡಿಯಲ್ಲಿ "ಎರಡು ಕಾರ್ಡ್ ಕೂರ್ತಾವ್ರೀ" ಅಂತಾರೆ, ಅದು ಸುಳ್ಳಲ್ಲ, ಕೂರುತ್ತವೆ. ನೀವು ಬೋರ್ಡಿನ ಮ್ಯಾನುಯಲ್ ಪಿಡಿಎಫ್ ತೆರೆದು ಸ್ಲಾಟ್‌ಗಳ ಪುಟ ಓದಿ. ಕೆಲವು ಬೋರ್ಡಿನಲ್ಲಿ ಎರಡನೇ ಎಂ.2 ಎಸ್‌ಎಸ್‌ಡಿ ಹಾಕಿದರೆ ಕೆಳಗಿನ ಸ್ಲಾಟಿನ ಲೇನ್ ಕಡಿಮೆ ಆಗುತ್ತದೆ ಅಥವಾ ಪೂರ್ತಿ ಬಂದ್ ಆಗುತ್ತದೆ, ಅದೂ ಅಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಹಾಗಂತ ನಾಲ್ಕು ಲೇನ್ ಅಂದರೆ ಕೆಲಸಕ್ಕೆ ಬಾರದ್ದು ಅಂತಲ್ಲ. ಸೀನ್ ಒಮ್ಮೆ ಕಾರ್ಡಿಗೆ ಇಳಿದ ಮೇಲೆ ಲೆಕ್ಕ ಎಲ್ಲಾ ಒಳಗೇ ನಡೆಯುತ್ತದೆ, ಲೇನ್ ಸುಮ್ನೆ ಕೂತಿರುತ್ತದೆ. ಇಳಿಸೋಕೆ ಮಾತ್ರ ಹೊತ್ತು ಜಾಸ್ತಿ. ಆದರೆ ಸೀನ್ 12 ಜಿಬಿ ದಾಟಿ ರ‍್ಯಾಮಿಗೆ ಚೆಲ್ಲಿದಾಗ ಕೆಳಗಿನ ಕಾರ್ಡ್ ಪ್ರತಿ ಸಲ ಆ ಸಣ್ಣ ಕೊಳವೆಯಲ್ಲೇ ಎಳೆದುಕೊಳ್ಳಬೇಕು. ದೊಡ್ಡ ಸೀನಿನಲ್ಲಿ ಎರಡು 3060 ಇಷ್ಟು ಸೋಲೋಕೆ ಇದೂ ಕಾರಣ.

ಬಯೋಸ್‌ನಲ್ಲಿ ಅಬೌವ್ 4ಜಿ ಡಿಕೋಡಿಂಗ್ ಆನ್ ಮಾಡಿ. ಅದು ಆಫ್ ಇದ್ದರೆ ಕೆಲವು ಬೋರ್ಡಿನಲ್ಲಿ ಎರಡನೇ ಕಾರ್ಡ್ ಸರಿಯಾಗಿ ಏಳೋದೇ ಇಲ್ಲ.

ಭಾಷಾ ಮಾದರಿಗೆ ಬಂದರೆ ಚಿತ್ರ ತಿರುಗುತ್ತದೆ. ಇಲ್ಲಿ ಎರಡು 12 ಕೂಡಿ 24 ಆಗುತ್ತದೆ, ಹತ್ತಿರ ಹತ್ತಿರ. ಮಾದರಿ ಓಡಿಸೋ ಸಾಫ್ಟ್‌ವೇರ್ ಲಾಮಾ.ಸಿಪಿಪಿ, ಮಾದರಿಯ ಪದರಗಳನ್ನು ಅರ್ಧ ಇಲ್ಲಿ, ಅರ್ಧ ಅಲ್ಲಿ ಇಡುತ್ತದೆ. 32 ಬಿಲಿಯನ್ ಪ್ಯಾರಾಮೀಟರ್‌ನ ಮಾದರಿಯನ್ನು ನಾಲ್ಕು ಬಿಟ್‌ಗೆ ಇಳಿಸಿದರೆ ಸುಮಾರು 20 ಜಿಬಿ, ಎರಡು 3060ರಲ್ಲಿ ಕೂರುತ್ತದೆ. ಒಂದು 3060 ಇದ್ದವರಿಗೆ ಇದು ಕನಸು. ಆದರೆ ವೇಗ? ಮೊದಲ ಕಾರ್ಡ್ ತನ್ನ ಪದರ ಮುಗಿಸೋವರೆಗೆ ಎರಡನೆಯದು ಕಾಯುತ್ತದೆ, ಎರಡನೆಯದು ಮಾಡುವಾಗ ಮೊದಲಿನದು ಕಾಯುತ್ತದೆ. ಜಾಗ ಕೂಡಿತು, ವೇಗ ಕೂಡಲಿಲ್ಲ. ಒಂದೊಂದು ಟೋಕನ್‌ಗೂ (ಮಾದರಿ ಬರೆಯೋ ಪದದ ತುಣುಕು) ಆ 20 ಜಿಬಿ ಪೂರ್ತಿ ಓದಬೇಕು. 3060ರ ಮೆಮೊರಿ ಓದೋದು ಸೆಕೆಂಡಿಗೆ 360 ಜಿಬಿ, ಅಂದರೆ ಹೀಗೆ ಪದರ ಹಂಚಿದಾಗ ಸೆಕೆಂಡಿಗೆ 18 ಟೋಕನ್ ದಾಟಲ್ಲ. 3090ದು 936 ಜಿಬಿ, ಲೆಕ್ಕದ ಪ್ರಕಾರ 46ರವರೆಗೆ. ನಿಜವಾಗಿ ಎರಡರಲ್ಲೂ ಇದಕ್ಕಿಂತ ಕಡಿಮೆ ಬರುತ್ತದೆ, ಆದರೆ ಅನುಪಾತ ಹಾಗೇ ಉಳಿಯುತ್ತದೆ. ಬರೆದದ್ದನ್ನು ಓದುತ್ತಾ ಹೋಗೋಕೆ 3060 ಜೋಡಿ ಸಾಕು. ಉದ್ದನೆಯ ದಾಖಲೆ ಕೊಟ್ಟು ಸಾರಾಂಶ ಕೇಳಿದರೆ ಚಹಾ ಕುಡಿದು ಬರಬಹುದು.

ಚಿತ್ರ ಬಿಡಿಸೋ ಮಾದರಿಗಳಿಗೆ ಸಾಮಾನ್ಯವಾಗಿ ರೆಂಡರಿಂಗ್‌ನಂತೆ ಮೆಮೊರಿ ಕೂಡಲ್ಲ, ಜೊತೆಗೆ ವೇಗವೂ ಕೂಡಲ್ಲ: ಎರಡು ಕಾರ್ಡ್ ಅಂದರೆ ಎರಡು ಬೇರೆ ಚಿತ್ರ ಒಟ್ಟಿಗೆ, ಒಂದು ಚಿತ್ರ ಬೇಗ ಅಲ್ಲ. ಆಟಗಳಿಗಂತೂ ಎರಡನೇ ಕಾರ್ಡ್ ದಂಡ. ಗದಗ, ಹಾವೇರಿ ಕಡೆ ಮದುವೆ ವಿಡಿಯೋ ಮಾಡೋ ಗೆಳೆಯರು ಕೇಳ್ತಾರೆ, ಅವರಿಗೂ ಹೇಳೋದಿಷ್ಟೇ: ಡಾವಿಂಚಿ ರಿಸಾಲ್ವ್‌ನಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಡ್ ಬಳಸೋದು ದುಡ್ಡು ಕೊಡೋ ಸ್ಟುಡಿಯೋ ಆವೃತ್ತಿಯ ಸೌಲಭ್ಯ, ಉಚಿತದ್ದು ಇಟ್ಟುಕೊಂಡು ಎರಡು ಕಾರ್ಡ್ ಹಾಕಬೇಡಿ.

ಈಗ ಬಿಸಿ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಆರ್‌ಸಿಸಿ ಮನೆಯ ಮೇಲಿನ ಮಹಡಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಎರಡು ಕಾರ್ಡ್ ಮೇಲೊಂದು ಕೆಳಗೊಂದು ಕೂತಾಗ ಮೇಲಿನದರ ಫ್ಯಾನ್ ಕೆಳಗಿನದರ ಬೆನ್ನಿಗೆ ಮುಖ ಕೊಟ್ಟಿರುತ್ತದೆ. ಅದು ಉಸಿರಾಡೋದೇ ಕೆಳಗಿನ ಕಾರ್ಡಿನ ಬಿಸಿ ಗಾಳಿ. ಮಧ್ಯಾಹ್ನ ಮೇಲಿನ ಕಾರ್ಡ್ ತಾನಾಗಿ ವೇಗ ಇಳಿಸುತ್ತಿತ್ತು, ಕೆಳಗಿನದು ಆರಾಮಾಗಿತ್ತು. ಎರಡು ಸ್ಲಾಟ್ ದಪ್ಪದ ಕಾರ್ಡುಗಳನ್ನೇ ಆರಿಸಿ, ನಡುವೆ ಒಂದು ಸ್ಲಾಟಾದರೂ ಖಾಲಿ ಸಿಗಬೇಕು. ಇಲ್ಲಾಂದ್ರೆ ರೈಸರ್ ಕೇಬಲ್ (ಸ್ಲಾಟನ್ನು ಉದ್ದ ಮಾಡೋ ವೈರ್) ಹಾಕಿ ಒಂದನ್ನು ದೂರ ನಿಲ್ಲಿಸಬೇಕು. ಕ್ರಿಪ್ಟೋ ನಾಣ್ಯದ ಗಣಿಗಾರಿಕೆಯವರು ಬಳಸುತ್ತಿದ್ದ ಒಂದು ಲೇನಿನ ಯುಎಸ್‌ಬಿ ರೈಸರ್ ಅಗ್ಗ ಅಂತ ಹಾಕಬೇಡಿ. ಬಾಗಿಲು ತೆರೆದ ಕ್ಯಾಬಿನೆಟ್ ತಂಪಾಗಿರುತ್ತದೆ, ಆದರೆ ನಮ್ಮ ಊರಿನ ಧೂಳಿಗೆ ಫ್ಯಾನ್ ಬೇಗ ಕಟ್ಟಿಕೊಳ್ಳುತ್ತದೆ.

3090 ಇದರಲ್ಲಿ ಪುಣ್ಯವಂತ ಅಂದುಕೊಂಡರೆ ಅದೂ ಅಲ್ಲ. ಅದರ 24 ಜಿಬಿಯ ಅರ್ಧ ಚಿಪ್‌ಗಳು ಕಾರ್ಡಿನ ಬೆನ್ನಿನ ಕಡೆ ಇವೆ, ಫ್ಯಾನ್ ಇರೋದು ಹೊಟ್ಟೆಯ ಕಡೆ. ಕೋರ್ 70 ಡಿಗ್ರಿ ತೋರಿಸುವಾಗ ಮೆಮೊರಿ 100ರ ಮೇಲೆ ಇರಬಹುದು. 110ಕ್ಕೆ ಅದು ವೇಗ ಇಳಿಸುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಮಾರುವವರ ಮುಂದೆಯೇ ಹತ್ತಿಪ್ಪತ್ತು ನಿಮಿಷ ಲೋಡ್ ಕೊಟ್ಟು ತಾಪ ತೋರಿಸೋ ಸಾಫ್ಟ್‌ವೇರ್ ಎಚ್‌ಡಬ್ಲ್ಯೂಇನ್ಫೋದಲ್ಲಿ ಮೆಮೊರಿ ಜಂಕ್ಷನ್ ತಾಪ ನೋಡಿ. ಬೇಗನೆ 110 ಮುಟ್ಟಿದರೆ ಚಿಪ್‌ನ ಬಿಸಿ ಹೊರಗೆ ಸಾಗಿಸೋ ಥರ್ಮಲ್ ಪ್ಯಾಡ್ ಹೋಗಿದೆ ಅಂತಲೇ ಲೆಕ್ಕ. 2022ರ ಸೆಪ್ಟೆಂಬರ್‌ನಲ್ಲಿ ಕಾರ್ಡ್‌ಗಳಿಂದ ಮಾಡುತ್ತಿದ್ದ ಇಥೀರಿಯಂ ನಾಣ್ಯದ ಗಣಿಗಾರಿಕೆ ನಿಂತ ಮೇಲೆ ಇಂಥವು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಹುಬ್ಬಳ್ಳಿಯಲ್ಲಿ ಆಯ್ಕೆ ಕಡಿಮೆ, ನಾನು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹುಡುಕಿದೆ. ಬಿಲ್ ಮತ್ತು ಸೀರಿಯಲ್ ನಂಬರ್ ಹೊಂದುತ್ತದಾ ನೋಡದೆ ದುಡ್ಡು ಕೊಡಬೇಡಿ.

ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಪೆಟ್ಟಿಗೆ) ಬಗ್ಗೆ. ಇಲ್ಲಿ ಎರಡು 3060 ಗೆಲ್ಲುತ್ತದೆ. ವ್ಯಾಟ್ ಅಷ್ಟೇ ಇದ್ದರೂ 3090 ಕ್ಷಣಮಾತ್ರಕ್ಕೆ 350ಕ್ಕಿಂತ ಬಹಳ ಮೇಲೆ ಜಿಗಿಯುತ್ತದೆ, ಸಾಧಾರಣ ಎಸ್‌ಎಂಪಿಎಸ್ ಅಷ್ಟಕ್ಕೇ ಆಫ್ ಆಗುತ್ತದೆ. ಅದಕ್ಕೆ ಒಳ್ಳೆಯ 850 ವ್ಯಾಟ್ ಬೇಕು, ಎರಡು 3060ಕ್ಕೆ ಒಳ್ಳೆಯ 750 ಸಾಕು. 3090ಕ್ಕೆ ಎಂಟು ಪಿನ್ನಿನ ವೈರ್‌ಗಳನ್ನು ಬೇರೆ ಬೇರೆಯಾಗಿ ಎಳೆಯಿರಿ, ಒಂದೇ ವೈರಿನ ಕವಲು ಬೇಡ. ಎರಡನೇ ಕಾರ್ಡಿಗೆ ವೈರ್ ಸಾಲಲಿಲ್ಲ ಅಂತ ಸಾಟಾದಿಂದ ಎಂಟು ಪಿನ್ನಿಗೆ ಕನ್ವರ್ಟರ್ ಕೊಡ್ತಾರೆ, ಅದನ್ನು ಮುಟ್ಟಲೇಬೇಡಿ: ಸಾಟಾ ತಾಳೋದು 54 ವ್ಯಾಟ್, ಎಂಟು ಪಿನ್ 150ರವರೆಗೆ ಎಳೆಯಬಹುದು. ಬೇರೆ ಕಂಪನಿಯ ಎಸ್‌ಎಂಪಿಎಸ್ ವೈರ್ ಕೂಡ ಹಾಕಬೇಡಿ. ಪಿನ್ ಆಕಾರ ಒಂದೇ ಇದ್ದರೂ ಒಳಗಿನ ಜೋಡಣೆ ಬೇರೆ ಇರಬಹುದು.

ಅಡ್ಡಮಳೆ ಶುರುವಾದರೆ ಸಂಜೆ ಕರೆಂಟ್ ನೆಚ್ಚಿಕೊಳ್ಳೋಕಾಗಲ್ಲ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್, ರೆಂಡರ್ ನಡೆಯುವಾಗ ಎರಡೂ ಜೋಡಣೆಗೆ ಅದು ಆಗಲ್ಲ. ಮನೆಯ ಚೌಕ ಅಲೆಯ ಇನ್ವರ್ಟರ್ ಮೇಲೆ ಹೊಸ ಎಸ್‌ಎಂಪಿಎಸ್‌ಗಳು ತಕರಾರು ಮಾಡುತ್ತವೆ, ಪ್ಯೂರ್ ಸೈನ್ ವೇವ್ ಬೇಕು. ಅದಿರಲಿ, ವಾಕ್‌ಥ್ರೂವನ್ನು ಯಾವತ್ತೂ ನೇರ ವಿಡಿಯೋ ಫೈಲಾಗಿ ರೆಂಡರ್ ಮಾಡಬೇಡಿ. ಫ್ರೇಮ್ ಫ್ರೇಮಾಗಿ ಪಿಎನ್‌ಜಿ ತೆಗೆಯಿರಿ. ಕರೆಂಟ್ ಹೋದರೆ ಒಂದು ಫ್ರೇಮ್ ಹೋಗುತ್ತದೆ, ರಾತ್ರಿ ಪೂರ್ತಿ ಅಲ್ಲ.

ಇಲ್ಲಿಗೆ ಮೂರನೆಯ ಜೋಡಣೆ. ಮನೆಯಲ್ಲಿ ಹಳೆಯ ಹತ್ತನೇ ತಲೆಮಾರಿನ ಐ5 ಇತ್ತು. ಒಂದು 3060 ತೆಗೆದು ಅದಕ್ಕೆ ಹಾಕಿದೆ. ಎರಡೂ ಕಂಪ್ಯೂಟರಿನಲ್ಲಿ ಒಂದೇ ಆವೃತ್ತಿಯ ಬ್ಲೆಂಡರ್, ಫೈಲು ಮತ್ತು ಟೆಕ್ಸ್ಚರ್ ಒಂದು ಶೇರ್ ಫೋಲ್ಡರಿನಲ್ಲಿ. ಔಟ್‌ಪುಟ್‌ನಲ್ಲಿ ಓವರ್‌ರೈಟ್ ತೆಗೆದು ಪ್ಲೇಸ್‌ಹೋಲ್ಡರ್ಸ್‌ಗೆ ಟಿಕ್ ಹಾಕಿ ಎರಡರಲ್ಲೂ ರೆಂಡರ್ ಒತ್ತಿದರೆ ಸಾಕು. ಒಂದು ಕಂಪ್ಯೂಟರ್ ಯಾವ ಫ್ರೇಮ್ ಹಿಡಿಯುತ್ತದೋ ಅದರ ಹೆಸರಲ್ಲಿ ಖಾಲಿ ಫೈಲ್ ಇಡುತ್ತದೆ, ಇನ್ನೊಂದು ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಸೊನ್ನೆ ಬೈಟಿನ ಖಾಲಿ ಫೈಲುಗಳನ್ನು ಅಳಿಸಬೇಕು, ಇಲ್ಲಾಂದ್ರೆ ಆ ಫ್ರೇಮ್‌ಗಳು ಹಾಗೇ ಉಳಿದುಬಿಡುತ್ತವೆ. ಜಾಸ್ತಿ ಕಂಪ್ಯೂಟರ್ ಇದ್ದರೆ ಕೆಲಸ ಹಂಚೋಕೆ ಬ್ಲೆಂಡರ್‌ನವರದೇ ಫ್ಲಮೆಂಕೊ ಇದೆ, ಉಚಿತ.

ಲೇನಿನ ಚಿಂತೆ ಹೋಯಿತು. ಮೇಲಿನ ಕಾರ್ಡ್ ಬೇಯೋ ಚಿಂತೆ ಹೋಯಿತು, ಬಿಸಿ ಎರಡು ಕೋಣೆಗೆ ಹಂಚಿತು. ಇರೋ ಸಣ್ಣ ಎಸ್‌ಎಂಪಿಎಸ್‌ಗಳೇ ನಡೆದವು, 170 ವ್ಯಾಟ್ ಕಾರ್ಡಿಗೆ ಒಳ್ಳೆಯ 550 ಸಾಕು. ರಾತ್ರಿ ಒಂದು ಕೈಕೊಟ್ಟರೆ ಇನ್ನೊಂದು ನಡೆಸುತ್ತಿರುತ್ತದೆ. ಒಂದೇ ದೊಡ್ಡ ಸ್ಟಿಲ್ ಇಮೇಜಿಗೆ ಮಾತ್ರ ಇದು ಉಪಯೋಗಕ್ಕಿಲ್ಲ, ಭಾಷಾ ಮಾದರಿಗೂ ಇಲ್ಲ. ಬರೀ ವಾಕ್‌ಥ್ರೂ ಮಾಡೋರು, ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದೋರು, ಎರಡನೇ ಕಾರ್ಡಿಗಾಗಿ ಬೋರ್ಡ್, ಕ್ಯಾಬಿನೆಟ್, ಎಸ್‌ಎಂಪಿಎಸ್ ಎಲ್ಲಾ ಬದಲಿಸೋ ಮೊದಲು ಇದನ್ನೇ ಮಾಡಿ.

ನಾನು ಇಟ್ಟುಕೊಂಡದ್ದು: ಮುಖ್ಯ ಮಷೀನಿನಲ್ಲಿ 3090, ಹಳೆಯ ಐ5ನಲ್ಲಿ ಒಂದು 3060. ದೊಡ್ಡ ಸೀನು, ಭಾಷಾ ಮಾದರಿ 3090ಕ್ಕೆ. 12ರೊಳಗಿನ ವಾಕ್‌ಥ್ರೂ ಎರಡೂ ಸೇರಿ. ಇನ್ನೊಂದು 3060 ಮಾರಿದೆ. 3090ಕ್ಕೆ ಎನ್‌ವಿಡಿಯಾ-ಎಸ್‌ಎಂಐ ಕಮಾಂಡಿನಲ್ಲಿ 280 ವ್ಯಾಟ್ ಮಿತಿ ಹಾಕಿದ್ದೇನೆ. ವೇಗ ಕಡಿಮೆ ಆದದ್ದು ಕಣ್ಣಿಗೆ ಬೀಳಲ್ಲ, ಫ್ಯಾನ್ ಸದ್ದು ಇಳಿದದ್ದು ಕಿವಿಗೆ ಬೀಳುತ್ತದೆ. ಕಂಪ್ಯೂಟರ್ ಮತ್ತೆ ಆನ್ ಮಾಡಿದಾಗ ಆ ಮಿತಿ ಅಳಿಸಿಹೋಗುತ್ತದೆ, ಹಾಗಾಗಿ ಟಾಸ್ಕ್ ಶೆಡ್ಯೂಲರ್‌ಗೆ ಸೇರಿಸಿಟ್ಟಿದ್ದೇನೆ.

ಮಿತಿ ಹಾಕಿದ್ದು ಬಿಸಿಗೆ ಮಾತ್ರ ಅಲ್ಲ. 500 ವ್ಯಾಟ್ ಎಳೆಯೋ ಮಷೀನ್ ದಿನಕ್ಕೆ ನಾಲ್ಕು ತಾಸು ಓಡಿದರೆ ಎರಡು ಯೂನಿಟ್, ತಿಂಗಳಿಗೆ 60. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಗೆ. ಫ್ರಿಜ್, ಗೀಸರ್, ಫ್ಯಾನ್ ಇರೋ ಮನೆಗೆ ಈ 60 ಸೇರಿದರೆ ಗಡಿ ದಾಟೋದು ಕಷ್ಟವೇನಲ್ಲ, ಮತ್ತೆ ಆ ತಿಂಗಳು ಮನೆಯವರು ಕೇಳೋದು ಕಂಪ್ಯೂಟರನ್ನೇ. ಈಗ ವಾಕ್‌ಥ್ರೂ ಕೊಟೇಶನ್‌ನಲ್ಲಿ "ರೆಂಡರಿಂಗ್ ಕರೆಂಟ್" ಅಂತ ಒಂದು ಸಾಲು ಬೇರೆಯಾಗಿ ಹಾಕ್ತೇನೆ. ಇಲ್ಲಿಯವರೆಗೆ ಯಾವ ಬಿಲ್ಡರೂ ಅದಕ್ಕೆ ಚೌಕಾಶಿ ಮಾಡಿಲ್ಲ.