ಡಿಗ್ರಿ ಆದ್ಮೇಲೆ ಒಂದು ವರ್ಷ ಅಪ್ರೆಂಟಿಸ್‌ಶಿಪ್: ನ್ಯಾಟ್ಸ್ ಬಗ್ಗೆ ನನ್ನ ರಿವ್ಯೂ

ಬಿಕಾಂ, ಬಿಎಸ್ಸಿ, ಬಿಇ ಮುಗ್ಸಿ ಮನೇಲಿ ಕೂತಿರೋರು ಸಾವಿರಾರು ರೂಪಾಯಿ ಕೊಟ್ಟು ಟ್ರೈನಿಂಗ್ ಸೆಂಟರ್‌ಗೆ ಸೇರೋ ಮುಂಚೆ ಕೇಂದ್ರ ಸರ್ಕಾರದ ನ್ಯಾಟ್ಸ್ (ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಟ್ರೈನಿಂಗ್ ಸ್ಕೀಮ್, ಅಂದ್ರೆ ಕಂಪನಿಗಳಲ್ಲೇ ಕೆಲಸ ಮಾಡ್ತಾ ಕಲಿಯೋ ಯೋಜನೆ) ಪೋರ್ಟಲ್ ಒಂದ್ಸಲ ನೋಡಿ, ಟ್ರೈನಿಂಗ್‌ಗೆ ಫೀಸ್ ಇಲ್ಲ, ಅವರೇ ತಿಂಗಳಿಗೆ ಸ್ಟೈಪೆಂಡ್ ಕೊಡ್ತಾರೆ. ಕೆನರಾ ಬ್ಯಾಂಕ್ 2024ರಲ್ಲಿ 3000 ಜನ ಪದವೀಧರರನ್ನ ಕರೆದಾಗ ತಿಂಗಳಿಗೆ 15000 ಇತ್ತು, ಅದ್ರಲ್ಲಿ 4500 ಸರ್ಕಾರದ ಪಾಲು. ಬೆಂಗಳೂರಲ್ಲಿ ಎಚ್‌ಎಎಲ್, ಬಿಇಎಲ್ ಕೂಡ ತಗೋತಾರೆ. ಸರ್ಕಾರದ ಪಾಲು ನೇರ ಅಕೌಂಟ್‌ಗೆ ಬರೋದ್ರಿಂದ ಆಧಾರ್ ಲಿಂಕ್ ಮೊದ್ಲೇ ಮಾಡ್ಸಿಟ್ಕೊಳಿ.

ನಮ್ ತಂಗಿ ಬಿಕಾಂ ಮಾಡಿ ಒಂದು ಕಂಪನಿಯ ಅಕೌಂಟ್ಸ್ ಸೆಕ್ಷನ್‌ಗೆ ಹೋದ್ಲು. ಕಾಲೇಜಲ್ಲಿ ಜಿಎಸ್‌ಟಿ ಓದಿ ಒಳ್ಳೆ ಮಾರ್ಕ್ಸ್ ತೆಗ್ದಿದ್ಲು, ಆದ್ರೆ ಪರ್ಚೇಸ್ ರಿಜಿಸ್ಟರ್ ಪಕ್ಕ ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ತೋರ್ಸಿರೋ ಬಿಲ್‌ಗಳ ಪಟ್ಟಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುತ್ತೆ) ಇಟ್ಕೊಂಡು ಒಂದೊಂದೇ ಬಿಲ್ ತಾಳೆ ನೋಡೋದು, ಸಪ್ಲೈಯರ್ ಇನ್‌ವಾಯ್ಸ್ ನಂಬರ್ ತಪ್ಪು ಹಾಕಿದ್ರೆ ಫೋನ್ ಮಾಡಿ ಮರ್ಯಾದೆಯಿಂದಾನೇ ಆದ್ರೆ ಬಿಡದೆ ಸರಿ ಮಾಡ್ಸೋದು, ಇದೆಲ್ಲ ಅಲ್ಲೇ ಕಲ್ತಿದ್ದು. ಈಗ ಇಂಟರ್‌ವ್ಯೂನಲ್ಲಿ ಕೇಳಿದ್ರೆ ಪಟಪಟ ಅಂತ ಹೇಳ್ತಾಳೆ, ನಂಗಂತೂ ತುಂಬಾ ಖುಷಿ.

ಎಲ್ಲಾ ಕಡೆ ಹೀಗೇ ಇರಲ್ಲ. ಅವಳ ಫ್ರೆಂಡ್‌ನ ಇನ್ನೊಂದು ಕಡೆ ಬರೀ ಜೆರಾಕ್ಸ್, ಫೈಲ್ ಜೋಡ್ಸೋದಕ್ಕೆ ಹಾಕಿದ್ರು, ಅದು ಅನ್ಯಾಯ. ಸೇರೋ ಮುಂಚೆ ಹಿಂದಿನ ವರ್ಷ ಇದ್ದೋರನ್ನ ಹುಡುಕಿ ಏನ್ ಕೆಲಸ ಕೊಟ್ರು ಅಂತ ಕೇಳಿ. ಮುಗಿದ್ಮೇಲೆ ಅಲ್ಲೇ ಕೆಲಸ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಸರ್ಟಿಫಿಕೇಟ್ ಸಿಗುತ್ತೆ. ಆದ್ರೂ ನಾನು 5ಕ್ಕೆ 4 ಸ್ಟಾರ್ ಕೊಡ್ತೀನಿ.