ಕಾಟಿ (ಕಾಡುಕೋಣ) ನೋಡಲು ಹೋಗುವವರಿಗೆ: ನಾಗರಹೊಳೆಯಂಚಿನ ಒಂದು ಹೋಂಸ್ಟೇ

ಕೊಡಗಿನ ಕುಟ್ಟದ ಆಸುಪಾಸಿನಲ್ಲಿ, ಕಾಫಿ ತೋಟ ಮುಗಿದು ಕಾಡು ಶುರುವಾಗುವ ಕಡೆ ಇರುವ ಈ ಹೋಂಸ್ಟೇಗೆ ಮೊಬೈಲ್ ಸಿಗ್ನಲ್ ನಂಬಿ ಹೋಗುವಂತಿಲ್ಲ, ಬಿಸಿನೀರು ಬೇಕೆಂದರೆ ಒಲೆ ಹೊತ್ತುವ ತನಕ ಕಾಯಬೇಕು. ಆದರೂ ಹೋಗಬೇಕೆನ್ನುವುದಕ್ಕೆ ಎರಡೇ ಕಾರಣ: ತೋಟದ ಮೇಲ್ಬದಿಯ ಕಟ್ಟೆಯಿಂದ ಕಾಣುವ ಹಡ್ಲು, ಮತ್ತು ಹಿಂದೆ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದು ಈಗ ಇಲ್ಲಿ ಮಾರ್ಗದರ್ಶಿಯಾಗಿರುವ ಹಿರಿಯರು.

ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆ ಬಿದ್ದ ಮೇಲೆ ಆನೆ ಕಂದಕದ ಆಚೆಗಿನ ಆ ಜವುಗು ಬಯಲಿನಲ್ಲಿ ಎಳೆ ಹುಲ್ಲು ಏಳುತ್ತದೆ. ಸಂಜೆಯಾಗುತ್ತಲೇ ಕಾಟಿಗಳ ಹಿಂಡು ಮೇಯಲು ಹೊರಬರುತ್ತದೆ. ನಾವು ಕೂತಿದ್ದಾಗ ಹಿಂಡಿನಲ್ಲಿ ಹುಟ್ಟಿ ಹೆಚ್ಚು ದಿನವಾಗದ ಒಂದು ಕರುವಿತ್ತು. ದೊಡ್ಡವುಗಳ ಕಡುಗಪ್ಪು ಮೈ, ಮೊಣಕಾಲಿನಿಂದ ಕೆಳಗಿನ ಬಿಳಿ ಇವುಗಳ ನಡುವೆ ಅದರ ತಿಳಿ ಹೊಂಬಣ್ಣ ಎದ್ದು ಕಾಣುತ್ತಿತ್ತು. ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿಯುವಷ್ಟು ಹೊತ್ತೂ ತಾಯಿ ನಮಗೆ ಅಡ್ಡಲಾಗಿ ನಿಂತು ಕಿವಿಯನ್ನು ಇತ್ತಲೇ ತಿರುಗಿಸಿಕೊಂಡಿತ್ತು. ಮತ್ತೊಂದು ಹೆಣ್ಣು ಕಾಟಿ ಮೂಗಿನಿಂದ ಸಿಳ್ಳೆಯಂತೆ ಉಸಿರು ಬಿಟ್ಟಿತು. “ಸಾರ್, ಈಗ ಯಾರೂ ಏಳಬೇಡಿ, ಕರು ಇದೆ,” ಎಂದು ಮಾರ್ಗದರ್ಶಿ ತಗ್ಗಿದ ದನಿಯಲ್ಲಿ ಹೇಳಿದರು. ಫೋಟೊಗಾಗಿ ಕಂದಕದ ಹತ್ತಿರ ಹೋಗಲು ಹೊರಟಿದ್ದ ನಮ್ಮ ಜೊತೆಯವರೊಬ್ಬರನ್ನು ತೋಳು ಹಿಡಿದೇ ಕೂರಿಸಿದರು. ಹಣ ಕೊಟ್ಟ ಅತಿಥಿಯನ್ನು ಹೀಗೆ ತಡೆಯುವವರು ಈ ವ್ಯವಹಾರದಲ್ಲಿ ಅಪರೂಪ.

ಚಹಾದ ಹೊತ್ತಿಗೆ ಅವರು ಕಾಟಿಯ ಬಂಧುಬಳಗದ ಮಾತೆತ್ತುತ್ತಾರೆ. ಕಾಟಿ ನಮ್ಮ ಹಸುವಿನ ಕುಲದ್ದೇ. ಅರುಣಾಚಲ, ನಾಗಾಲ್ಯಾಂಡ್‌ಗಳ ಮಿಥುನ್ ಅದಕ್ಕೆ ತೀರಾ ಹತ್ತಿರದ ಸಾಕುಪ್ರಾಣಿ. ಗದ್ದೆಯ ಎಮ್ಮೆ ಮಾತ್ರ ದೂರದ ನೆಂಟ. ಅಮೆರಿಕ ಮತ್ತು ಯೂರೋಪಿನ ಕಾಡೆತ್ತುಗಳಾದ ಬೈಸನ್‌ಗಳೂ ಕಾಟಿಯಂತೆಯೇ ಸುಮಾರು ಒಂಬತ್ತು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಕರು ಹಾಕುತ್ತವೆ. ಅಮೆರಿಕದ ಕರು ಹುಟ್ಟುವಾಗ ಕಿತ್ತಳೆಗೆಂಪು. ಹೀಗೆ ಒಂದೊಂದೇ ಹುಟ್ಟುವುದರಿಂದ ಕುಸಿದ ಹಿಂಡು ಚೇತರಿಸಿಕೊಳ್ಳಲು ಬಹಳ ಕಾಲ ಬೇಕು. ಯೂರೋಪಿನ ಬೈಸನ್ 1927ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಮೃಗಾಲಯಗಳಲ್ಲಿದ್ದವುಗಳ ಪೈಕಿ 12 ಪ್ರಾಣಿಗಳ ಸಂತತಿಯನ್ನು ಬೆಳೆಸಿ 1952ರಲ್ಲಿ ಪೋಲೆಂಡಿನ ಕಾಡಿಗೆ ಮರಳಿ ಬಿಡಲಾಯಿತು. ನಮ್ಮ ಬಂಡೀಪುರದ ಕಡೆಯ ಕಾಟಿಗಳನ್ನೂ 1968ರಲ್ಲಿ ದೊಡ್ಡರೋಗ (ದನಕರುಗಳಿಗೆ ಬರುತ್ತಿದ್ದ ರಿಂಡರ್‌ಪೆಸ್ಟ್ ಎಂಬ ಸೋಂಕು) ಬಲಿ ತೆಗೆದುಕೊಂಡಿತ್ತು. ಆ ರೋಗ ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾದರೂ, ಕಾಡಂಚಿನಲ್ಲಿ ಮೇಯುವ ದನಗಳಿಂದ ಕಾಲುಬಾಯಿ ರೋಗ ಹರಡುವ ಭಯ ಇದ್ದೇ ಇದೆ. ಕೊಟ್ಟ ಬಾಡಿಗೆ ಈ ಮಾತುಕತೆಗೇ ಸಂದಿತೆಂದು ನನಗನ್ನಿಸಿತು.

ಊಟಕ್ಕೆ ಪಂದಿಕರಿ, ಕಡಂಬುಟ್ಟು, ದೂರುವಂಥದ್ದೇನಿಲ್ಲ.

ದೂರಿರುವುದು ಊಟದ ನಂತರದ ಜೀಪ್ ಸವಾರಿಯ ಬಗ್ಗೆ. ಬೇರೆ ಶುಲ್ಕ ಪಡೆದು, ತೋಟದ ದಾರಿಗಳಲ್ಲಿ ಟಾರ್ಚ್ ಬೀರುತ್ತಾ ಪ್ರಾಣಿಗಳನ್ನು ಹುಡುಕುವ ಈ ಏರ್ಪಾಡಿಗೆ ಆ ಹಿರಿಯರು ಬರುವುದಿಲ್ಲ, ಮಾಲೀಕರ ಚಾಲಕ ಬರುತ್ತಾನೆ. ಕಾಫಿ ಗಿಡಗಳ ನಡುವೆ ಕರುವಿನೊಂದಿಗೆ ನಿಂತಿದ್ದ ಕಾಟಿಯ ಕಣ್ಣಿಗೆ ಆತ ಬೆಳಕು ಹಿಡಿದದ್ದು, ಅದು ಬೇಲಿ ಮುರಿದುಕೊಂಡು ಓಡಿದ್ದು, ಕರು ಈಚೆಯೇ ಉಳಿದು ಕೂಗಿದ್ದು ನೋಡಿದ ಮೇಲೆ ಆ ಸವಾರಿಗೆ ಯಾರೂ ದುಡ್ಡು ಕೊಡಬಾರದೆಂದೇ ಹೇಳುತ್ತೇನೆ. ಮಾಲೀಕರಿಗೆ ಇದನ್ನು ತಿಳಿಸಿದಾಗ “ಅತಿಥಿಗಳೇ ಕೇಳುತ್ತಾರಲ್ಲ” ಎಂಬ ಉತ್ತರ ಬಂತು. ಕೋಣೆ ಕಾಯ್ದಿರಿಸುವಾಗಲೇ ಜೀಪ್ ಬೇಡವೆಂದು, ಸಂಜೆಗೆ ಆ ಹಿರಿಯರೇ ಬೇಕೆಂದು ಸ್ಪಷ್ಟವಾಗಿ ಹೇಳಿ. ಮಳೆಗಾಲದಲ್ಲಾದರೆ ಜಿಗಣೆಗೆಂದು ಉದ್ದದ ಕಾಲುಚೀಲವನ್ನೂ ಒಯ್ಯಿರಿ.